ಡ್ರೈವರಿಲ್ಲದ ರೈಲಿನಲ್ಲಿ ತಿಮ್ಮಮ್ಮ

ಕನಕಪುರದಿಂದ ಸಾತನೂರಿನ ಕಡೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಎರಡು ಮೈಲಿ ಒಳಕ್ಕೆ ನಡೆದರೆ ಕಂಬಳಿದೊಡ್ಡಿ. ಆ ಊರಿನ ತಿಮ್ಮಮ್ಮನಷ್ಟು ಹೆದರುವ ಹೆಂಗಸು ಸುತ್ತಮುತ್ತ ಇನ್ನೊಬ್ಬಳಿಲ್ಲ ಎಂದು ಜನ ಹೇಳುತ್ತಿದ್ದರು. ಅವಳ ಎದುರಿಗೇ ಹೇಳುತ್ತಿದ್ದರು, ಅವಳೂ ಒಪ್ಪಿಕೊಳ್ಳುತ್ತಿದ್ದಳು. ಗುಡುಗಿಗೆ ಹೆದರಿಕೆ, ಸೂಜಿಗೆ ಹೆದರಿಕೆ, ಕಟ್ಟೆಯಿಲ್ಲದ ಬಾವಿಗೆ ಹೆದರಿಕೆ. ಗಂಡನ ಮೋಟಾರ್ ಸೈಕಲ್ಲಿನ ಹಿಂದೆ ಕೂತರೆ ಕನಕಪುರ ಮುಟ್ಟುವವರೆಗೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು.

ಅದೇ ಹೆದರಿಕೆ ಅವಳಿಗೆ ಅನ್ನವನ್ನೂ ಕೊಟ್ಟಿತ್ತು. ತಿಮ್ಮಮ್ಮ ಚಾಕಿ ಮನೆ ನಡೆಸುತ್ತಿದ್ದಳು. ಮೊಟ್ಟೆಯೊಡೆದು ಬಂದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಏಳುವವರೆಗೆ, ಎಂದರೆ ಎರಡನೇ ಸಲ ಪೊರೆ ಕಳಚುವವರೆಗೆ, ಸಾಕಿ ರೈತರಿಗೆ ಕೊಡುವ ಕೆಲಸ. ಇರುವೆ ಗಾತ್ರದ ಹುಳುವಿಗೆ ಕೊಂಚ ಸೆಖೆ ಹೆಚ್ಚಾದರೂ ಕಷ್ಟ, ತೇವ ಕಡಿಮೆಯಾದರೂ ಕಷ್ಟ. ಬೇರೆಯವರು ಒಂದು ಸಲ ನೋಡುವ ಕಡೆ ತಿಮ್ಮಮ್ಮ ನಾಲ್ಕು ಸಲ ನೋಡುತ್ತಿದ್ದಳು. ಕೈ ತೊಳೆಯದೆ, ಕಾಲು ಸುಣ್ಣದ ಪುಡಿಯಲ್ಲಿ ಅದ್ದದೆ ಮಂತ್ರಿ ಬಂದರೂ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಅವಳ ಹುಳುವಿಗೆ ರೋಗ ಬಂತು ಎಂದು ಯಾರೂ ದೂರಿದ್ದಿಲ್ಲ.

ಕೊರೋನಾ ಕಳೆದ ಮೇಲೆ ರೇಷ್ಮೆಗೂಡಿನ ಬೆಲೆ ಹಿಂದೆ ಯಾರೂ ಕಂಡಿರದಷ್ಟು ಏರಿತಲ್ಲ, ಆಗಿನ ಮಾತು ಇದು. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆಯ ಹಸಿರಾದವು. ಕುರಿ ಮಂದೆ ಮಾರಿ ಹುಳುವಿನ ಮನೆ ಕಟ್ಟಿಸಿದವರಿದ್ದರು. ತಿಮ್ಮಮ್ಮನ ಗಂಡ ಹೊನ್ನಯ್ಯನೂ ಹತ್ತು ಕುರಿ ಉಳಿಸಿಕೊಂಡು ಮಿಕ್ಕಿದ್ದನ್ನು ಮಾರಿದ್ದ. ಚಾಕಿ ಹುಳು ಒಯ್ಯಲು ಬಂದವರಿಗೆಲ್ಲ ತಿಮ್ಮಮ್ಮ ಒಂದು ಕಂಪನಿಯ ರೋಗನಾಶಕ ಪುಡಿಯನ್ನೂ ಮಾರುತ್ತಿದ್ದಳು. ಆ ವರ್ಷ ಪುಡಿ ಎಷ್ಟು ಖರ್ಚಾಯಿತೆಂದರೆ, ಚೆನ್ನಾಗಿ ಮಾರಿದವರನ್ನೆಲ್ಲ ಕಂಪನಿಯವರು ಪ್ರವಾಸಕ್ಕೆ ಕರೆದುಕೊಂಡು ಹೋಗುವುದೆಂದಾಯಿತು. ದುಬೈಗೆ ವಿಮಾನ, ಅಲ್ಲಿಂದ ದೊಡ್ಡ ಹಡಗಿನಲ್ಲಿ ನಾಲ್ಕು ದಿನ ಸಮುದ್ರ ಸುತ್ತಾಟ, ಕೊನೆಯ ದಿನ ದುಬೈ ನೋಡಿಕೊಂಡು ವಾಪಸ್.

"ನಾನ್ ಒಲ್ಲೆ. ನೀವ್ ಹೋಗ್ಬನ್ನಿ," ಎಂದಳು ತಿಮ್ಮಮ್ಮ.

"ಕರ್ದಿರೋದು ನಿನ್ನ ಕಣಮ್ಮಿ, ನನ್ನಲ್ಲ," ಎಂದ ಹೊನ್ನಯ್ಯ. "ಇಬ್ರೂ ಹೋದ್ರೆ ಹುಳಿನ ಗತಿ ಏನು? ನಾನ್ ನೋಡ್ಕತೀನಿ. ಖುರ್ಷಿದಮ್ಮ ಇರ್ತಾರಲ್ಲ ಜೊತೆಗೆ."

ಖುರ್ಷಿದಾ ರಾಮನಗರದವಳು. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳೂ ಅವಳ ಗಂಡನೂ ಹುಳು ಸಾಕುವ ಸಾಮಾನಿನ ಅಂಗಡಿ ಇಟ್ಟಿದ್ದರು. ತಿಮ್ಮಮ್ಮನಿಗೆ ಇಪ್ಪತ್ತು ವರ್ಷದ ಪರಿಚಯ. ಗೂಡು ತಂದ ದಿನ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚುವುದು ಅವಳ ವಾಡಿಕೆ. ಅಲ್ಲಿ ಕೂತು ಕೂತೇ ಒಂದಷ್ಟು ಉರ್ದು ಅವಳ ನಾಲಿಗೆಗೆ ಹತ್ತಿತ್ತು. ಖುರ್ಷಿದಾ ಬರುತ್ತಾಳೆ ಎಂಬ ಒಂದೇ ಧೈರ್ಯದ ಮೇಲೆ ತಿಮ್ಮಮ್ಮ ಹೊರಟಳು.

ಹಡಗಿನ ನಾಲ್ಕು ದಿನ ಹೇಗೆ ಕಳೆದವೋ ಅವಳಿಗೇ ಗೊತ್ತು. ಇಬ್ಬರಿಗೂ ಸೇರಿ ಕೊಟ್ಟಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಖುರ್ಷಿದಾ ಹಾಯಾಗಿ ಗೊರಕೆ ಹೊಡೆದರೆ, ತಿಮ್ಮಮ್ಮ ತೇಲುವ ಜಾಕೆಟ್ಟನ್ನು ದಿಂಬಿನ ಪಕ್ಕ ಇಟ್ಟುಕೊಂಡು, ಕೆಳಗೆ ಎಷ್ಟು ಆಳ ಇರಬಹುದು ಎಂದು ಯೋಚಿಸುತ್ತ ಮಲಗುತ್ತಿದ್ದಳು. ಐದನೇ ದಿನ ಬೆಳಿಗ್ಗೆ ಹಡಗು ದುಬೈ ದಡಕ್ಕೆ ಬಂದು ನಿಂತಾಗ ಎಲ್ಲರಿಗಿಂತ ಮೊದಲು ಕೆಳಗಿಳಿದವಳು ಅವಳೇ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇನ್ನೇನು, ಭಯ ಕಳೆಯಿತು ಎಂದುಕೊಂಡಳು.

ಅವರನ್ನು ಕರೆದುಕೊಂಡು ಬಂದಿದ್ದವನು ಬೈರಪ್ಪ, ಚನ್ನಪಟ್ಟಣದ ಕಡೆಯ ಕಂಪನಿ ಆಫೀಸರು. ಇಪ್ಪತ್ತೆರಡು ಜನರ ಪಾಸ್‌ಪೋರ್ಟುಗಳನ್ನೂ ತನ್ನ ಹೆಗಲ ಚೀಲದಲ್ಲಿಟ್ಟು, ಆ ಚೀಲವನ್ನು ಮಗುವಿನಂತೆ ತಬ್ಬಿಕೊಂಡೇ ತಿರುಗುತ್ತಿದ್ದ. ಎಲ್ಲರ ತಲೆಗೂ ಕಂಪನಿಯ ಹಳದಿ ಟೋಪಿ ಹಾಕಿಸಿದ್ದ. ಸಾಮಾನೆಲ್ಲ ಬಸ್ಸಿನಲ್ಲಿತ್ತು. ಹಗಲೆಲ್ಲ ಊರು ನೋಡುವುದು, ಸಂಜೆ ಐದಕ್ಕೆ ಬಸ್ಸು ಸೀದಾ ವಿಮಾನ ನಿಲ್ದಾಣಕ್ಕೆ.

ಮೊದಲು ಲೋಕದಲ್ಲೇ ಎತ್ತರದ್ದು ಎನ್ನುವ ಕಟ್ಟಡಕ್ಕೆ ಹತ್ತಿಸಿದರು. ಲಿಫ್ಟು ಏರಿದ್ದೇ ಗೊತ್ತಾಗಲಿಲ್ಲ, ಕಿವಿ ಮಾತ್ರ ಟಪ್ಪೆಂದಿತು. ಮೇಲೆ ಗಾಜಿನ ಗೋಡೆ. ಕೆಳಗೆ ರಸ್ತೆಗಳು ನೂಲಿನ ಎಳೆಯಂತೆ, ಅದರಾಚೆ ಮರಳು, ಮರಳಿನ ತುದಿಯಲ್ಲಿ ಏನೂ ಇಲ್ಲ. ತಿಮ್ಮಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಖುರ್ಷಿದಾ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು.

"ಮುಗೀತು ತಿಮ್ಮಕ್ಕ. ಇನ್ನೆಲ್ಲ ನೆಲದ್ ಮೇಲಿಂದೇ."

ಊಟವಾದ ಮೇಲೆ, ಸಮಯ ಉಳಿದಿದೆ, ಆ ಕಟ್ಟಡದ ಹತ್ತಿರದ ಸ್ಟೇಷನ್ನಿನಲ್ಲೇ ಮೆಟ್ರೋ ರೈಲು ತೋರಿಸುತ್ತೇನೆ ಎಂದ ಬೈರಪ್ಪ. "ಇದ್ರಲ್ಲಿ ಡ್ರೈವರ್ ಇಲ್ಲ ನೋಡಿ. ತಾನೇ ಓಡ್ತದೆ, ತಾನೇ ನಿಲ್ತದೆ. ಎರಡು ಸ್ಟೇಷನ್ ಹೋಗಿ ಇಳ್ಕಳಾದು, ಅದೇ ದಾರಿ ವಾಪಸ್ ಬರಾದು. ಬಸ್ಸು ಇಲ್ಲೇ ಇರ್ತದೆ."

ಪ್ರತಿಯೊಬ್ಬರಿಗೂ ಒಂದೊಂದು ಟಿಕೆಟ್ಟು ಕೊಟ್ಟ. ಅದನ್ನು ಯಂತ್ರಕ್ಕೆ ಮುಟ್ಟಿಸಿದರೆ ಗೇಟು ತೆರೆದುಕೊಳ್ಳುತ್ತಿತ್ತು. ಒಳಗೆ ಬಂದ ಮೇಲೆ ಕಳೆದೀತೆಂದು ತಿಮ್ಮಮ್ಮ ತನ್ನ ಟಿಕೆಟ್ಟನ್ನೂ ಖುರ್ಷಿದಾಳ ಕೈಗೇ ಕೊಟ್ಟಳು. ರೈಲು ಬಂತು. ಗಂಡಸರು, ಅವರ ಹೆಂಡಿರು ಎಲ್ಲ ಮಧ್ಯದ ಡಬ್ಬಿಗೆ ನುಗ್ಗಿದರು. ಮುಂದೆ ಹೆಂಗಸರಿಗೆಂದೇ ಜಾಗವಿದೆ, ಆರಾಮಾಗಿ ಕೂರಬಹುದು ಎಂದು ಖುರ್ಷಿದಾ ಅವಳನ್ನು ಆ ಕಡೆ ಎಳೆದುಕೊಂಡು ಹೋದಳು. ಬಾಗಿಲಲ್ಲಿ ತಳ್ಳಾಟ. ತಿಮ್ಮಮ್ಮನ ತುರುಬಿನ ಮೇಲೆ ನಿಲ್ಲದ ಟೋಪಿ ಜಾರಿ ಹೊರಗೆ ಬಿತ್ತು. ಖುರ್ಷಿದಾ ಅದನ್ನೆತ್ತಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಗಾಜಿನ ಆಚೆ ಖುರ್ಷಿದಾ ತಲೆಯೆತ್ತಿ ಬಾಯಿ ತೆರೆದಳು, ಒಂದು ಮಾತೂ ಕೇಳಿಸಲಿಲ್ಲ. ಎರಡು ಬೆರಳು ಎತ್ತಿ ತೋರಿಸಿದಳು. ರೈಲು ಹೊರಟೇ ಹೋಯಿತು.

ಎರಡು ಬೆರಳು ಎಂದರೆ ಏನು? ಎರಡನೇ ಸ್ಟೇಷನ್ನಿನಲ್ಲಿ ಇಳಿ ಎಂದೋ? ಎರಡು ನಿಮಿಷದಲ್ಲಿ ಬರುತ್ತೇನೆ ಎಂದೋ? ತಿಮ್ಮಮ್ಮ ಕಂಬ ಹಿಡಿದು ನಿಂತಳು. ಎದುರಿಗೆ ರೈಲಿನ ಮೂತಿ ಪೂರ್ತಿ ಗಾಜು. ಅಲ್ಲಿ ಕುರ್ಚಿಯಿಲ್ಲ, ಮನುಷ್ಯನಿಲ್ಲ. ಹಳಿ ಮಾತ್ರ ಎತ್ತರದ ಸೇತುವೆಯ ಮೇಲೆ ಎದುರಿನಿಂದ ಓಡೋಡಿ ಬರುತ್ತಿತ್ತು. ಬೈರಪ್ಪ ಹೇಳಿದಾಗ ತಮಾಷೆ ಎನಿಸಿದ್ದು ಈಗ ಕಣ್ಣೆದುರಿಗೇ ಇತ್ತು. ನಿಲ್ಲಿಸು ಎಂದು ಯಾರನ್ನು ಕೇಳುವುದು?

ರೈಲು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು. ಮತ್ತೆ ನಿಂತಿತು. ಇಳಿಯಬೇಕು ಎಂದು ಮನಸ್ಸು ಹೇಳಿದರೂ ಕಂಬ ಹಿಡಿದ ಕೈ ಬಿಡಲಿಲ್ಲ. ಅದೇ ಹೊತ್ತಿಗೆ ಹಿಂದಿನ ಡಬ್ಬಿಯಿಂದ ಬೈರಪ್ಪ ಮತ್ತು ಉಳಿದವರು ಅದೇ ಸ್ಟೇಷನ್ನಿನಲ್ಲಿ ಇಳಿದು ಹಳದಿ ಟೋಪಿಗಳನ್ನು ಎಣಿಸುತ್ತಿದ್ದರು ಎಂಬುದು ಅವಳಿಗೆ ಆಮೇಲೆ ಗೊತ್ತಾಯಿತು. ನಾಲ್ಕು ಹೆಜ್ಜೆ ಹೊರಗಿಟ್ಟಿದ್ದರೆ ಸಾಕಿತ್ತು.

ಎಷ್ಟು ಸ್ಟೇಷನ್ ದಾಟಿದವೋ, ಕೊನೆಗೆ ಒಂದು ಕಡೆ ಬಹಳ ಜನ ಇಳಿದಾಗ ಅವರ ನೂಕಿಗೆ ಅವಳೂ ಹೊರಗೆ ಬಿದ್ದಳು. ಒಂದು ಕಲ್ಲುಬೆಂಚಿನ ಮೇಲೆ ಕೂತಳು. ಖುರ್ಷಿದಾ ಹಿಂದಿನ ರೈಲಿಗೆ ಬಂದೇ ಬರುತ್ತಾಳೆ. ರೈಲು ಬಂತು, ಇಳಿದವರ ಮುಖಗಳನ್ನೆಲ್ಲ ನೋಡಿದಳು. ಇನ್ನೊಂದು ಬಂತು. ಹತ್ತೋ ಹನ್ನೆರಡೋ ಬಂದವು. ಕೈಚೀಲದಿಂದ ಫೋನು ತೆಗೆದಳು. ಈ ದೇಶಕ್ಕೆ ಕಾಲಿಟ್ಟಾಗಿನಿಂದ ಅದು ಸಿಗ್ನಲ್ಲಿಲ್ಲದೆ ಸತ್ತ ಹಾಗೆ ಬಿದ್ದಿತ್ತು. ಹಡಗಿನಲ್ಲಿ ಖುರ್ಷಿದಾಳ ಫೋನಿನಿಂದಲೇ ಮನೆಗೆ ಮಾತಾಡಿದ್ದು, ಆದರೆ ಅವಳು ಇಲ್ಲಿಗೆಂದು ಹಾಕಿಸಿಕೊಂಡ ಹೊಸ ನಂಬರು ಇವಳ ಬಳಿ ಇರಲಿಲ್ಲ. ಕೈಚೀಲದಲ್ಲಿ ಇನ್ನಿದ್ದದ್ದು ಒಂದು ಕರ್ಚೀಫು, ಎಲೆಅಡಿಕೆಯ ಸಂಚಿ, ಹಡಗಿನಲ್ಲಿ ಕೊಟ್ಟ ಎರಡು ಬಿಸ್ಕತ್ತು. ಪಾಸ್‌ಪೋರ್ಟು ಬೈರಪ್ಪನ ಹೆಗಲಲ್ಲಿ. ಟಿಕೆಟ್ಟು ಖುರ್ಷಿದಾಳ ಕೈಯಲ್ಲಿ.

ಟಿಕೆಟ್ಟಿನ ನೆನಪಾದ ಕೂಡಲೇ ಇನ್ನೊಂದು ಭಯ ಹತ್ತಿತು. ಅದಿಲ್ಲದೆ ಗೇಟು ತೆರೆಯುವುದಿಲ್ಲ. ಟಿಕೆಟ್ಟಿಲ್ಲ, ಪಾಸ್‌ಪೋರ್ಟಿಲ್ಲ, ಹೆಸರು ಹೇಳುವ ಒಂದು ಚೀಟಿಯಿಲ್ಲ. ಹಿಡಿದು ಒಳಗೆ ಹಾಕಿದರೆ? ಇಲ್ಲಿನ ಜೈಲಿನ ವಿಷಯ ಹಡಗಿನಲ್ಲಿ ಯಾರೋ ಹೇಳಿದ್ದರು. ಸಮವಸ್ತ್ರದವನೊಬ್ಬ ದೂರದಿಂದ ಇವಳನ್ನೇ ನೋಡುತ್ತಿದ್ದ. ಅವನು ಈ ಕಡೆ ಎರಡು ಹೆಜ್ಜೆ ಇಟ್ಟದ್ದೇ ತಡ, ತಿಮ್ಮಮ್ಮ ಎದ್ದು ಜನರ ಜೊತೆ ಮೆಟ್ಟಿಲಿಳಿದಳು. ಗೇಟಿನ ಹತ್ತಿರ ಒಬ್ಬ ದಪ್ಪ ಹೆಂಗಸು ಮಕ್ಕಳ ತಳ್ಳುಗಾಡಿಯೊಂದಿಗೆ ಅಗಲ ಬಾಗಿಲಲ್ಲಿ ಹೋಗುತ್ತಿದ್ದಳು. ಅವಳ ಬೆನ್ನಿಗೆ ಅಂಟಿಕೊಂಡಂತೆ ತಿಮ್ಮಮ್ಮನೂ ನುಸುಳಿದಳು. ಹಿಂದೆ ಏನೋ ಕುಂಯ್ ಎಂದು ಶಬ್ದ ಮಾಡಿತು. ತಿರುಗಿ ನೋಡಲಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಒಂದು ಹಿಡಿ ಸೊಪ್ಪನ್ನೂ ಕದ್ದವಳಲ್ಲ. ಈಗ ಪರದೇಶದಲ್ಲಿ ಕಳ್ಳಿಯಾದೆ ಎನಿಸಿತು. ಇನ್ನು ಪೊಲೀಸರ ಸಹಾಯ ಕೇಳುವ ದಾರಿಯೂ ಮುಚ್ಚಿಹೋಯಿತು.

ಹೊರಗೆ ಬಿಸಿಲು. ಹತ್ತು ಸಾಲು ಕಾರು ಓಡುವ ರಸ್ತೆ, ದಾಟುವವರು ಒಬ್ಬರೂ ಇಲ್ಲ. ಕಟ್ಟಡಗಳೆಲ್ಲ ಕನ್ನಡಿಯಂತೆ. ಒಂದರ ಬುಡದಲ್ಲಿ ತನ್ನದೇ ಬಿಂಬ ಕಂಡಳು: ನೀಲಿ ಸೀರೆಯ ಕುಳ್ಳ ಹೆಂಗಸು, ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಾಳೆ. ಅಳುತ್ತಿದ್ದೇನೆ ಎಂಬುದು ಆಗಲೇ ಅವಳಿಗೆ ಗೊತ್ತಾದದ್ದು. ತನ್ನ ಮನೆದೇವರು ಬೀರಪ್ಪನನ್ನು ನೆನೆದಳು. ಇಷ್ಟು ದೂರ ಅವನಿಗೆ ಕೇಳೀತೇ ಎಂದೂ ಭಯವಾಯಿತು.

ಟ್ಯಾಕ್ಸಿಗಳ ಸಾಲೊಂದು ನಿಂತಿತ್ತು. ಅದರಲ್ಲೊಬ್ಬ ಡ್ರೈವರು, ಮದರಂಗಿ ಹಚ್ಚಿದ ಗಡ್ಡದವನು, ಕಾರಿಗೆ ಒರಗಿಕೊಂಡು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಉರ್ದು. ರಾಮನಗರದ ಉರ್ದುವಿಗಿಂತ ಬಿರುಸಾಗಿತ್ತು, ಆದರೂ ತಿಮ್ಮಮ್ಮನ ಕಿವಿ ನೆಟ್ಟಗಾಯಿತು. ಗಂಡಸು, ಗುರುತಿಲ್ಲದವನು. ಎರಡು ಸಲ ಹತ್ತಿರ ಹೋಗಿ ಹಿಂದೆ ಬಂದಳು. ಮೂರನೇ ಸಲ ಅವನೇ ಫೋನು ಕೆಳಗಿಳಿಸಿ, ಏನಮ್ಮಾ ಎಂದು ಕೇಳಿದ.

"ಭಾಯ್ಸಾಬ್, ಮೇರೆ ಲೋಗಾಂ ಛುಟ್ ಗಯೇ," ಎಂದಳು. ನನ್ನ ಜನ ತಪ್ಪಿಹೋದರು.

ಅವನ ಹೆಸರು ರಸೂಲ್. ಎಲ್ಲಿಂದ ಬಂದಿರಿ, ಯಾವ ಹೋಟೆಲು, ಯಾವ ಬಸ್ಸು ಎಂದು ಒಂದೊಂದಾಗಿ ಕೇಳಿದ. ತಿಮ್ಮಮ್ಮನಿಗೆ ಗೊತ್ತಿದ್ದದ್ದು ಗೂಡಿನ ಮಾರುಕಟ್ಟೆಯ ಉರ್ದು. ಅದರಲ್ಲಿ ಒಳ್ಳೆಯದು, ಕೆಟ್ಟದ್ದು, ಒದ್ದೆ, ಒಣಗಿದ್ದು, ನಾಳೆ ಬಾ ಎಂಬ ಮಾತುಗಳಿದ್ದವು, ಹಡಗಿನಿಂದ ಇಳಿದವರು, ಹೋಟೆಲಿಲ್ಲ ಎಂಬ ಮಾತು ಎಲ್ಲಿಂದ ಬರಬೇಕು? ಎತ್ತರದ ಕಟ್ಟಡ ಎಂದು ಕೈ ಮೇಲೆತ್ತಿ ತೋರಿಸಿದಳು. ಅವನು ತಲೆಯಾಡಿಸಿ ಅವಳ ಫೋನು ಇಸಕೊಂಡ. ಮನೆಯವರ ನಂಬರು ಯಾವುದು ಎಂದ. ಅವಳು ತೋರಿಸಿದ್ದನ್ನು ತನ್ನ ಫೋನಿನಲ್ಲಿ ಒತ್ತಿ ಅವಳ ಕೈಗೆ ಕೊಟ್ಟ.

"ಯಾರು?" ಎಂದ ಹೊನ್ನಯ್ಯನ ದನಿ ಕೇಳಿತು. ಹಿಂದೆ ಸೊಪ್ಪು ಕೊಯ್ಯುವ ಕುಡುಗೋಲಿನ ಸದ್ದು.

"ನಾನು ಕಣಿ. ನಾನು ಕಳ್ದೋಗಿವ್ನಿ."

ಸದ್ದು ನಿಂತಿತು. "ಎಲ್ಲಿದ್ದೀಯಮ್ಮಿ?"

"ಗೊತ್ತಿಲ್ಲ. ರೈಲು ಎಳ್ಕಬಂದ್ಬುಡ್ತು. ಖುರ್ಷಿದಮ್ಮ ಅಲ್ಲೇ ಉಳ್ಕಂಡ್ರು. ಯಾರೋ ಸಾಬರು ಫೋನ್ ಕೊಟ್ರು."

"ಅಲ್ಲೇ ನಿಂತ್ಕೊ. ಅಳ್ಬ್ಯಾಡ. ನಾನು ರಾಮನಗ್ರದ ಅಂಗಡಿಗೆ ಫೋನ್ ಮಾಡ್ತೀನಿ. ಅವ್ರು ಖುರ್ಷಿದಮ್ಮನ್ಗೆ ಯೋಳ್ತಾರೆ. ಇದೇ ನಂಬರ್ಗೆ ಮಾಡುಸ್ತೀನಿ."

ಕಾದರು. ಫೋನು ಬರಲಿಲ್ಲ. ಸಾಲಿನ ಮುಂದಿನ ಟ್ಯಾಕ್ಸಿಗಳು ಹೊರಟು ರಸೂಲನ ಸರದಿ ಬಂತು. ಹಿಂದಿನವನು ಹಾರ್ನ್ ಹಾಕಿದ. ನಿಮ್ಮವರು ನಿಮ್ಮನ್ನು ಬಿಟ್ಟ ಕಡೆಯೇ ಹುಡುಕುತ್ತಿರುತ್ತಾರೆ, ಆ ಕಟ್ಟಡದ ಸ್ಟೇಷನ್ನಿಗೆ ಬಿಡುತ್ತೇನೆ, ಕೂತುಕೊಳ್ಳಿ ಎಂದ ರಸೂಲ್. ಹೊನ್ನಯ್ಯ ಅಲ್ಲೇ ನಿಲ್ಲು ಎಂದಿದ್ದಾನೆ. ನಿಂತರೆ ಈ ಫೋನೂ ಹೋಗುತ್ತದೆ. ತಿಮ್ಮಮ್ಮ ಹಿಂದಿನ ಸೀಟಿನಲ್ಲಿ ಕೂತಳು.

ಕಾರು ಹೊರಟಿತು. ನಾಲ್ಕೂ ಬಾಗಿಲು ತಾವಾಗಿಯೇ ಟಕ್ಕೆಂದು ಬೀಗ ಹಾಕಿಕೊಂಡವು.

ಬಾಗಿಲಿನ ಹಿಡಿ ಎಳೆದು ನೋಡಿದಳು, ಬರಲಿಲ್ಲ. ಕಾರು ದೊಡ್ಡ ರಸ್ತೆಗೆ ಸೇರಿ ಹಾರಿದಂತೆ ಓಡತೊಡಗಿತು. ಹಿಂದಿನ ಗಾಜಿನಲ್ಲಿ ಆ ಎತ್ತರದ ಕಟ್ಟಡದ ಚೂಪು ತುದಿ ಕಂಡಿತು. ಹಿಂದಿನ ಗಾಜಿನಲ್ಲಿ. ಅಂದರೆ ಇವನು ಬೇರೆ ಕಡೆಗೆ ಹೋಗುತ್ತಿದ್ದಾನೆ.

"ಉಧರ್ ಹೈ, ಉಧರ್," ಎಂದಳು, ಬೆರಳು ಹಿಂದಕ್ಕೆ ತೋರಿಸಿ.

ರಸೂಲ್ ಏನೋ ಹೇಳಿದ. ಅವನ ಬಿರುಸು ಉರ್ದು ತಲೆಗೆ ಹೋಗಲಿಲ್ಲ. ಕಟ್ಟಡ ಚಿಕ್ಕದಾಗುತ್ತಲೇ ಹೋಯಿತು. ಬದಿಯಲ್ಲಿ ಕಟ್ಟಡಗಳು ಮುಗಿದು ಮರಳಿನ ಬಯಲು ಶುರುವಾಯಿತು. ಇಷ್ಟೇ, ಎಂದುಕೊಂಡಳು. ಇಲ್ಲಿ ಎಲ್ಲೋ ಕೊಂದು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಹೊನ್ನಯ್ಯ ಎಷ್ಟು ದಿನ ಕಾಯುತ್ತಾನೆ, ಬೈರಪ್ಪ ಊರಿಗೆ ಹೋಗಿ ಏನು ಹೇಳುತ್ತಾನೆ, ತನ್ನ ಬಟ್ಟೆಯ ಚೀಲವನ್ನು ಯಾರು ಮನೆಗೆ ತಂದುಕೊಡುತ್ತಾರೆ ಎಲ್ಲ ಕಣ್ಣ ಮುಂದೆ ಬಂತು. ಕೊರಳಿನ ತಾಳಿ ಬಿಚ್ಚಿ ಮುಂದಕ್ಕೆ ಚಾಚಿದಳು.

"ತಗಳಪ್ಪ. ನನ್ನ ಬಿಟ್ಬುಡು," ಎಂದಳು ಕನ್ನಡದಲ್ಲೇ.

ರಸೂಲ್ ಕನ್ನಡಿಯಲ್ಲಿ ಅದನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು. ಆಮೇಲೆ ವೇಗ ಕಡಿಮೆ ಮಾಡಿ, ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದ: ಅಮ್ಮಾ, ಈ ರಸ್ತೆಯಲ್ಲಿ ತಿರುಗುವುದಕ್ಕೆ ಆಗುವುದಿಲ್ಲ. ಮುಂದೆ ಸೇತುವೆ ಇದೆ. ಸೇತುವೆ ಹತ್ತಿ ತಿರುಗಬೇಕು. ನನ್ನ ತಾಯಿಗೆ ನಿಮ್ಮದೇ ವಯಸ್ಸು. ಅದನ್ನು ಹಾಕಿಕೊಳ್ಳಿ.

ಸೇತುವೆ ಬಂತು. ಕಾರು ಏರಿ ಉದ್ದಕ್ಕೆ ಬಳಸಿ ತಿರುಗಿತು. ಆ ಕಟ್ಟಡ ಮೆಲ್ಲಗೆ ಪಕ್ಕಕ್ಕೆ ಬಂದು, ಎದುರಿಗೆ ಬಂದು ನಿಂತಿತು. ತಿಮ್ಮಮ್ಮ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ತಾಳಿ ಕಟ್ಟಿಕೊಳ್ಳಲು ಹೋದರೆ ಕೊಂಡಿ ಸಿಗಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡಳು.

ಆಗ ರಸೂಲನ ಫೋನು ಹೊಡೆದುಕೊಂಡಿತು. ರಾಮನಗರದಿಂದ, ಖುರ್ಷಿದಾಳ ಗಂಡ. ಇಬ್ಬರೂ ಗಟ್ಟಿಯಾಗಿ ಮಾತಾಡಿದರು. ಸ್ಟೇಷನ್, ಗೇಟು, ಬೈಠೀ ಹೈ ಎಂಬಷ್ಟು ಮಾತ್ರ ತಿಮ್ಮಮ್ಮನಿಗೆ ಸಿಕ್ಕಿತು. ಅವಳು ಅಲ್ಲೇ ಕೂತಿದ್ದಾಳೆ.

ಖುರ್ಷಿದಾ ನಿಜಕ್ಕೂ ಅಲ್ಲೇ ಕೂತಿದ್ದಳು. ಮುಂದಿನ ರೈಲಿಗೆ ಎರಡನೇ ಸ್ಟೇಷನ್ನಿಗೆ ಹೋಗಿ, ತಿಮ್ಮಮ್ಮ ಅಲ್ಲಿ ಕಾಣದೆ, ಉಳಿದವರ ಜೊತೆ ವಾಪಸ್ ಬಂದಿದ್ದಳು. ಎರಡು ಗಂಟೆ ಹೊತ್ತು ಸ್ಟೇಷನ್ನಿನ ಗೇಟಿನೆದುರು ನೆಲದ ಮೇಲೆ ಕೂತು, ತೊಡೆಯ ಮೇಲೆ ಎರಡು ಹಳದಿ ಟೋಪಿ ಇಟ್ಟುಕೊಂಡು, ಯಾರು ಎಬ್ಬಿಸಿದರೂ ಎದ್ದಿರಲಿಲ್ಲ. ವಿಮಾನ ತಪ್ಪುತ್ತದೆ, ಪೊಲೀಸರಿಗೆ ತಿಳಿಸಿ ನಾವು ಹೊರಡೋಣ ಎಂದು ಜೊತೆಯವರು ಕೆಲವರು ಹೇಳಿದ್ದರಂತೆ. ನೀವು ಹೋಗಿ, ನನ್ನ ಪಾಸ್‌ಪೋರ್ಟೂ ತಿಮ್ಮಕ್ಕನದೂ ಇಲ್ಲಿಟ್ಟು ಹೋಗಿ ಎಂದಿದ್ದಳಂತೆ. ಮೆಟ್ಟಿಲ ಮೇಲೆ ತಿಮ್ಮಮ್ಮ ಕಂಡಾಗ ಎದ್ದು ಓಡಿಬಂದು, ತಬ್ಬಿಕೊಳ್ಳುವ ಮೊದಲು ಭುಜಕ್ಕೆ ಒಂದೇಟು ಕೊಟ್ಟಳು.

"ಎರಡು ಅಂತ ಹೇಳಿಲ್ವಾ ನಾನು? ಎರಡನೇದ್ರಲ್ಲಿ ಇಳಿ ಅಂತ?"

"ತಿಳೀಲಿಲ್ಲ ಖುರ್ಷಿದಮ್ಮ. ಕೈ ಬಿಡಕ್ಕಾಗ್ಲಿಲ್ಲ."

ಖುರ್ಷಿದಾ ಅವಳ ಮುಷ್ಟಿ ಬಿಡಿಸಿ ತಾಳಿ ತೆಗೆದುಕೊಂಡು, ಹಿಂದೆ ನಿಂತು ಕೊರಳಿಗೆ ಹಾಕಿ ಕೊಂಡಿ ಸೇರಿಸಿದಳು. ರಸೂಲ್ ಖುರ್ಷಿದಾಳಿಂದ ಬಾಡಿಗೆ ಇಸಕೊಂಡ. ಕಾರು ತನ್ನದಲ್ಲ, ಮಾಲೀಕನಿಗೆ ಲೆಕ್ಕ ಒಪ್ಪಿಸಬೇಕು ಎಂದ. ತಿಮ್ಮಮ್ಮ ಅವನಿಗೆ ಏನಾದರೂ ಹೇಳಬೇಕೆಂದು ಉರ್ದು ಹುಡುಕಿದಳು. ಮಾರುಕಟ್ಟೆಯಲ್ಲಿ ಕ್ಷಮೆ ಕೇಳುವ ಮಾತು ಅವಳು ಕಲಿತಿರಲಿಲ್ಲ. ಎರಡೂ ಕೈ ಜೋಡಿಸಿದಳು. ಅವನು ಎದೆಗೆ ಕೈಯಿಟ್ಟುಕೊಂಡು ಹೊರಟುಹೋದ.

ಬೈರಪ್ಪ ಬಸ್ಸಿನ ಬಳಿ ನಿಂತಿದ್ದ. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ನೀರಿನ ಬಾಟಲಿ ಕೊಟ್ಟ.

"ನಿಮ್ ಯಜಮಾನ್ರಿಗೆ ಯಾವ ಮಕ ತೋರ್ಸ್ಲಿ ಅಂತಿದ್ದೆ ತಿಮ್ಮಮ್ನೋರೆ," ಎಂದಷ್ಟೇ ಹೇಳಿದ.

ಬಸ್ಸು ಒಂದು ಗಂಟೆ ತಡವಾಗಿ ಹೊರಟಿತು. ವಿಮಾನ ನಿಲ್ದಾಣದಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಅಧಿಕಾರಿ ಪಾಸ್‌ಪೋರ್ಟನ್ನೂ ಮುಖವನ್ನೂ ಎರಡೆರಡು ಸಲ ನೋಡಿದಾಗ, ಟಿಕೆಟ್ಟಿಲ್ಲದೆ ನುಸುಳಿದ್ದು ಇವನಿಗೆ ಗೊತ್ತಾಗಿದೆ ಎಂದೇ ತಿಮ್ಮಮ್ಮ ನಂಬಿದಳು. ಅವನು ಮುದ್ರೆ ಒತ್ತಿ ಕಳಿಸಿದ. ವಿಮಾನದಲ್ಲಿ ಅವಳು ಖುರ್ಷಿದಾಳ ಬುರ್ಖಾದ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡು ಕೂತಳು. ಖುರ್ಷಿದಾ ನೋಡಿದಳು, ಬಿಚ್ಚಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಂಬಳಿದೊಡ್ಡಿಗೆ ಬಂದಾಗ ಹೊನ್ನಯ್ಯ ಮನೆಯಲ್ಲಿರಲಿಲ್ಲ. ಚಾಕಿ ಮನೆಯ ಬಾಗಿಲಲ್ಲಿ ಪಕ್ಕದ ಮನೆಯ ಬೋರಮ್ಮ ಕೂತಿದ್ದಳು.

"ನಿನ್ನೆ ಸಂಜೇಲಿ ಹೋದವ್ರು ಕಣಮ್ಮಿ," ಎಂದಳು ಬೋರಮ್ಮ. "ಸೊಪ್ಪಿನ ಹೊರೆ ಹೊಲದಲ್ಲೇ ಬಿಸಾಕಿ, ಅಂಗಿ ತಿರುಗುಮುರುಗಾಗಿ ಹಾಕಂಡು ಬಸ್ ಹತ್ತುದ್ರು. ಹುಳ ನೋಡ್ಕೊ ಅಂದ್ರು ಅಷ್ಟೇಯ."

ಬಿಸಿಲೇರುವ ಹೊತ್ತಿಗೆ ಹೊನ್ನಯ್ಯ ಬಂದ. ಕನಕಪುರಕ್ಕೆ ಹೋಗಿ, ಅಲ್ಲಿಂದ ರಾಮನಗರದ ಬಸ್ಸು ಹಿಡಿದು, ಖುರ್ಷಿದಾಳ ಅಂಗಡಿಯ ಬೆಂಚಿನ ಮೇಲೆ ಕೂತವನು, ವಿಮಾನ ಬೆಂಗಳೂರಿಗೆ ಇಳಿಯಿತು ಎಂಬ ಸುದ್ದಿ ಬರುವವರೆಗೂ ಎದ್ದಿರಲಿಲ್ಲವಂತೆ. ಹುಳುವಿನ ಮನೆ ಬಿಟ್ಟು ಮಗಳ ಮದುವೆಯ ದಿನವೂ ರಾತ್ರಿ ಹೊರಗಿರದ ಮನುಷ್ಯ.

ತಿಮ್ಮಮ್ಮ ಅವನಿಗೆ ನೀರು ತಂದುಕೊಟ್ಟು ಎದುರಿಗೆ ಕೂತಳು.

"ಫೋನಲ್ಲೇ ಗೊತ್ತಾಗ್ತಿತ್ತಲ್ಲ. ಅಲ್ಲಿಗ್ಯಾಕೆ ಹೋದ್ರಿ? ಅಲ್ಲಿ ಹೋಗಿ ನೀವೇನ್ ಮಾಡೋದಿತ್ತು?"

ಹೊನ್ನಯ್ಯ ಚೊಂಬು ಬಾಯಿಗೆತ್ತಿ ಪೂರ್ತಿ ಕುಡಿದು ಕೆಳಗಿಟ್ಟ. ತುಟಿ ಒರೆಸಿಕೊಂಡ.

"ಮಾಡೋಕ್ ಏನೂ ಇರ್ಲಿಲ್ಲ ಕಣಮ್ಮಿ," ಎಂದ. "ಇಲ್ಲಿಗಿಂತ ಅಲ್ಲಿ ನಿಂಗೆ ಒಸಿ ಹತ್ರ ಅನ್ನುಸ್ತು."